ಬಾಡಿಗೆದಾರ

ತಾನು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರಿನ ಡಿಕ್ಕಿಯಿಂದ ಮಡಚುವ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿ ಪುಟ್ಟಿ ಅಂಗಳದಲ್ಲಿ ಬಿಡಿಸಿಡುತ್ತಿದ್ದಳು. ಆರನೆಯದರ ತುಕ್ಕು ಹಿಡಿದ ಕೀಲು ಬೆರಳು ಕಚ್ಚಿತು. ಅದೇ ಹೊತ್ತಿಗೆ ಬೆನ್ನ ಹಿಂದೆ ಹೊಲಿಗೆ ಕಾರ್ಖಾನೆಯ ಯಜಮಾನರ ದನಿ ಕೇಳಿಸಿತು.

"ಇಪ್ಪತ್ತು ವರ್ಷ ಕಣ್ರೀ. ಆಯಮ್ಮ ಕೂತಿದ್ದನ್ನ ಒಂದು ದಿನಾನೂ ನಾನು ನೋಡಿಲ್ಲ. ಊಟಾನೂ ನಿಂತ್ಕೊಂಡೇ. ಅಂಥ ಶ್ರದ್ಧೆ ಈಗ ಯಾರಿಗಿದೆ?"

"ಬಸ್ಸಲ್ಲೂ ಅಷ್ಟೇ," ಎಂದರು ಪಕ್ಕದ ಮನೆಯಾಕೆ, ಮೂಗೊರೆಸಿಕೊಳ್ಳುತ್ತ. "ತನಗೆ ಸಿಕ್ಕ ಸೀಟು ಯಾರಿಗಾದ್ರೂ ಬಿಟ್ಕೊಡೋರು. ಬಂಗಾರದಂಥ ಮನಸ್ಸು."

ಶ್ರದ್ಧೆಯಂತೆ! ಬಂಗಾರವಂತೆ! ಪುಟ್ಟಿ ಬೆರಳು ಚೀಪಿ ಹಲ್ಲು ಕಚ್ಚಿದಳು. ಅತ್ತಿಗೆಗೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಅದನ್ನು ಅಂಗಳದ ನಡುವೆ ನಿಂತು ಕೂಗಿ ಹೇಳಬೇಕೆನಿಸಿತು. ಹೇಳುವ ಹಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅತ್ತಿಗೆಗೆ ಮಾತು ಕೊಟ್ಟಿದ್ದಳು.

ಅತ್ತಿಗೆ ಒಳಗೆ ನಡುಮನೆಯಲ್ಲಿ ಮಲಗಿದ್ದರು. ಐವತ್ತೆಂಟು ವಯಸ್ಸು. ನಿನ್ನೆ ಮಧ್ಯಾಹ್ನ ಕಟಿಂಗ್ ಮೇಜಿನ ಮುಂದೆ ಕತ್ತರಿ ಹಿಡಿದವರು ಹಾಗೇ ಕುಸಿದಿದ್ದರು. ಎದೆಬಡಿತ ನಿಂತುಹೋಗಿತ್ತು. ಮಗಳು ತಾಯಿಯ ತಲೆ ಬಾಚುತ್ತಿದ್ದಳು. ಅಣ್ಣ ಹೊಸ್ತಿಲ ಮೇಲೆ ಕೂತಿದ್ದ. ಮೂವತ್ತು ವರ್ಷ ಮನೆ ಮನೆ ತಿರುಗಿ ಕರೆಂಟಿನ ಮೀಟರು ಓದಿದವನು, ಈಗ ಬಂದ ಗಂಡಸರ ಮುಖಗಳನ್ನು ಹಾಗೆಯೇ ಒಂದೊಂದಾಗಿ ಓದುತ್ತಿದ್ದ. ಯಾರು ಬಂದರು, ಯಾರು ಬರಲಿಲ್ಲ ಅಂತ ನೋಡುತ್ತಿದ್ದಾನೆ ಎಂದುಕೊಂಡಳು ಪುಟ್ಟಿ.

*

"ಅತ್ತಿಗೆ, ನೆಟ್ಟಗೆ ಕೂತ್ಕೊಳ್ಳಿ. ಹೀಗೆ ವಾಲಿದ್ರೆ ಕ್ಲಚ್ಚು ಕಾಲಿಗೆ ಸಿಗಲ್ಲ."

"ಸಿಕ್ಕಿದಷ್ಟು ಸಾಕು ಬಿಡೇ."

"ನಿಮಗೆ ಸಾಕು, ಗಾಡಿಗೆ ಸಾಕಾಗಲ್ಲ."

ಹನ್ನೆರಡು ವರ್ಷದ ಹಿಂದೆ, ಅತ್ತಿಗೆ ಪುಟ್ಟಿಯ ಹತ್ತಿರ ಕಾರು ಕಲಿಯಲು ಬಂದ ಮೂರನೇ ದಿನ ಅದು. ಅತ್ತಿಗೆ ಒಂದು ತೊಡೆಯ ಮೇಲೆ ಭಾರ ಹಾಕಿ ಬಾಗಿಲಿಗೆ ಆತು ಕೂತಿದ್ದರು. ಪುಟ್ಟಿ ಮತ್ತೊಮ್ಮೆ ಗದರಿದ್ದೇ ತಡ, ಸ್ಟಿಯರಿಂಗಿಗೆ ಹಣೆ ಒತ್ತಿ ಅಳತೊಡಗಿದರು. ಹಾರ್ನು ಒಂದೇ ಸಮ ಬಡಕೊಂಡಿತು.

ಕೊನೆಗೆ ಬಾಯಿಬಿಟ್ಟರು: ಕೆಳಗೆ ತುರಿಕೆ. ಎಂಟು ವರ್ಷದಿಂದ. ನಿದ್ದೆಯಲ್ಲಿ ತಮಗೆ ತಿಳಿಯದೆ ಕೆರೆದುಕೊಂಡು, ಬೆಳಿಗ್ಗೆ ಉಗುರಲ್ಲಿ ರಕ್ತ ನೋಡುವುದು. ಮೊದಲ ಡಾಕ್ಟರು ಫಂಗಸ್ ಅಂದರು, ಕ್ರೀಮು ಬರೆದರು. ಎರಡನೆಯವರು ಮುಟ್ಟು ನಿಲ್ಲುವ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಅಂದರು. ಮೂರನೆಯವರು ಸ್ವಚ್ಛವಾಗಿಟ್ಟುಕೊಳ್ಳಿ ಅಂದರು. ಆ ಮಾತು ಅತ್ತಿಗೆಗೆ ಎಷ್ಟು ನಾಟಿತೆಂದರೆ, ದಿನಕ್ಕೆ ಮೂರು ಸಲ ಸೋಪು ಹಾಕಿ ಉಜ್ಜಿ, ಉರಿಗೆ ಬಚ್ಚಲಲ್ಲೇ ಗೋಡೆ ಹಿಡಿದು ನಿಲ್ಲುತ್ತಿದ್ದರು. ಕಾರ್ಖಾನೆಯಲ್ಲಿ ಅವರಷ್ಟು ಚೆನ್ನಾಗಿ ಕಾಲರು ಹೊಲಿಯುವವರು ಇರಲಿಲ್ಲ. ಆ ಮಿಷಿನ್ನು ಬಿಟ್ಟು ಕಟಿಂಗ್ ಮೇಜಿಗೆ ಹೋದದ್ದು ನಿಂತು ಮಾಡುವ ಕೆಲಸ ಅಂತಲೇ.

ಪುಟ್ಟಿ ಅದೇ ಕಾರಿನಲ್ಲಿ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಆಕೆ ದೀಪ ತಿರುಗಿಸಿ ನೋಡಿದರು. "ಇಷ್ಟು ವರ್ಷ ಯಾರೂ ನೋಡಲಿಲ್ವಾ?"

"ಕೇಳಿದ್ರು. ನೋಡಲಿಲ್ಲ."

ಡಾಕ್ಟರಮ್ಮ ಕೈ ತೊಳೆದು ಬಂದು ಎದುರು ಕೂತರು. "ಇದಕ್ಕೆ ಲೈಕನ್ ಸ್ಕ್ಲೆರೋಸಸ್ ಅಂತಾರೆ. ಯೋನಿಯ ಹೊರಚರ್ಮ ಬೆಳ್ಳಗಾಗಿ, ತೆಳ್ಳಗಾಗಿ, ಬಿರಿಯುತ್ತೆ. ಅಂಟುರೋಗ ಅಲ್ಲ, ಕೊಳಕಿಂದ ಬಂದಿದ್ದಲ್ಲ, ನಿಮ್ಮ ತಪ್ಪೂ ಅಲ್ಲ. ಪೂರ್ತಿ ವಾಸಿ ಮಾಡೋಕಾಗಲ್ಲ, ಹತೋಟೀಲಿ ಇಡಬಹುದು. ಈ ಸ್ಟೀರಾಯ್ಡ್ ಮುಲಾಮು ದಿನಾ ರಾತ್ರಿ ಒಂದು ತಿಂಗಳು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ. ಸೋಪು ಮುಟ್ಟಬೇಡಿ. ವಾಸಿಯಾಗದ ಹುಣ್ಣೋ ಗಂಟೋ ಕಂಡರೆ ಕಾಯಬೇಡಿ, ಓಡಿ ಬನ್ನಿ. ಏನೂ ಇಲ್ಲದಿದ್ರೂ ವರ್ಷಕ್ಕೊಮ್ಮೆ ತೋರಿಸಿ. ಮತ್ತೆ, ನಿಮ್ಮ ಯಜಮಾನರಿಗೆ ಹೇಳಿ."

ಕೊನೆಯದೊಂದನ್ನು ಬಿಟ್ಟು ಎಲ್ಲದಕ್ಕೂ ಅತ್ತಿಗೆ ಹೂಂಗುಟ್ಟಿದರು. ಕಾರಿನಲ್ಲಿ ಪುಟ್ಟಿಯ ಕೈ ಹಿಡಿದು ಮಾತು ತೆಗೆದುಕೊಂಡರು. "ನಿಮ್ಮಣ್ಣ ಒಳ್ಳೆಯವರೇ. ಆದ್ರೆ ಒಂದೇ ಒಂದು ಗಳಿಗೆ ಅವರ ಮುಖದಲ್ಲಿ ಹೇಸಿಗೆ ಕಂಡ್ರೆ ನಾನು ತಡ್ಕೊಳ್ಳಲಾರೆ."

ಮುಲಾಮು ಕೊಂಡ ಅಂಗಡಿಯಲ್ಲಿ ಔಷಧಿಯವನು ಡಬ್ಬಿಯ ಚೀಟಿ ಬಿಡಿಸಿ, "ಭಾರೀ ಸ್ಟ್ರಾಂಗು ಇದು. ಅಲ್ಲಿಗೆಲ್ಲ ಹಚ್ಚಬಾರದು ಅಂತ ಬರೆದಿದೆ ನೋಡಿ," ಅಂದ. ಅತ್ತಿಗೆ ಹೆದರಿ, ಪುಟ್ಟಿಗೂ ಹೇಳದೆ, ಎಂಟು ತಿಂಗಳು ಹಚ್ಚಲೇ ಇಲ್ಲ. ಅಷ್ಟರಲ್ಲಿ ಚರ್ಮ ಕೂಡಿಕೊಂಡು, ಒಂದಕ್ಕೆ ಹೋಗುವುದೂ ಕಷ್ಟವಾಯಿತು. ಪುಟ್ಟಿ ಅಂಗಡಿಗೆ ಹೋಗಿ ಕೂಗಾಡಿದಳು. ಕೂಗಾಡಿ ಏನು ಬಂತು? ಕಳೆದದ್ದು ಕಳೆದೇ ಹೋಗಿತ್ತು.

ಆಮೇಲೆ ಸರಿಯಾಗಿ ಹಚ್ಚಿದರು. ಎಲ್ಲಿ ಎಂದು ತಿಳಿಯದೆ, ಕನ್ನಡಿ ಹಿಡಿಯಲು ಮೊದಲ ಸಲ ಪುಟ್ಟಿಯನ್ನೇ ಕರೆದರು. ಬಚ್ಚಲಲ್ಲಿ ಇಬ್ಬರೂ ನಾಚಿ ನಕ್ಕೂ ನಕ್ಕೂ ಕನ್ನಡಿಗೆ ಮಂಜು ಹಿಡಿಯಿತು. ಆ ರೋಗದ ಹೆಸರು ನಾಲಗೆಗೆ ತಿರುಗದ ಅತ್ತಿಗೆ ಅದಕ್ಕೆ ಬಾಡಿಗೆದಾರ ಅಂತ ಹೆಸರಿಟ್ಟರು. "ಖಾಲಿ ಮಾಡು ಅಂದ್ರೆ ಮಾಡಲ್ಲ, ಗಲಾಟೆ ಮಾಡದೆ ಇದ್ರೆ ಸಾಕು." ಫೋನಿನಲ್ಲಿ ಪುಟ್ಟಿ ಕೇಳುವಳು: "ಹೇಗಿದ್ದಾನೆ?" ಅತ್ತಿಗೆ ದನಿ ತಗ್ಗಿಸಿ ಹೇಳುವರು: "ಇವತ್ತು ಸುಮ್ಮನಿದ್ದಾನೆ ಕಣೇ."

*

ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಹೊರುವವರು ಯಾರೆಂದು ಮಾತಾಗುತ್ತಿದ್ದಾಗ ಕಾರ್ಖಾನೆಯ ಯಜಮಾನರು ಶಾಲು ತೆಗೆದಿಟ್ಟು ಮುಂದೆ ಬಂದರು. ಅಣ್ಣ ಹೊಸ್ತಿಲಿಂದ ಎದ್ದು ನಿಂತ.

"ನೀವು ಬೇಡ."

ಪುಟ್ಟಿ ಅವನ ತೋಳು ಹಿಡಿದು ಹಿತ್ತಿಲ ಕಡೆ ಎಳೆದುಕೊಂಡು ಹೋದಳು. "ಏನೋ ಇದು? ಎಲ್ಲರ ಮುಂದೆ?"

"ಅವನೇನಾ?"

"ಯಾವನು?"

"ನನ್ನನ್ನ ಪೆದ್ದ ಮಾಡ್ಬೇಡ ಪುಟ್ಟಿ." ಅಣ್ಣ ತೋಳು ಬಿಡಿಸಿಕೊಂಡ. "ನೀವಿಬ್ಬರೂ ಫೋನಲ್ಲಿ ಮಾತಾಡ್ತಿದ್ದಿದ್ದು ನನ್ನ ಕಿವಿಗೂ ಬಿದ್ದಿದೆ. ಅವನು ಹೇಗಿದ್ದಾನೆ, ಅವನು ಸುಮ್ಮನಿದ್ದಾನೆ, ಅವನು ರಾತ್ರಿಯೆಲ್ಲ ಮಲಗೋಕೆ ಬಿಡಲಿಲ್ಲ. ಹದಿನೈದು ವರ್ಷದಿಂದ ಬೇರೆ ಕೋಣೇಲಿ ಮಲಗಿದ್ಲು. ನಾನು ಮುಟ್ಟಿದ್ರೆ ಬೆಂಕಿ ತಾಗಿದ ಹಾಗೆ ಸರಿಯೋಳು. ಹೋಗ್ಲಿ ಅಂತ ನುಂಗ್ಕೊಂಡೆ. ಇವತ್ತಾದ್ರೂ ಹೇಳು, ಇಲ್ಲಿ ಬಂದಿದ್ದಾನಾ ಅವನು?"

ಪುಟ್ಟಿಗೆ ನಗು ಬಂತು, ಅಳು ಬಂತು, ಎಲ್ಲಕ್ಕಿಂತ ಮೊದಲು ಸಿಟ್ಟು ಬಂತು. ಅಣ್ಣನ ಮೇಲೆ, ಒಳಗೆ ಮಲಗಿದ್ದವರ ಮೇಲೆ, ತನ್ನ ಮೇಲೆ. ಇಂಜಿನ್ನಿನ ಹೊಟ್ಟೆಯಲ್ಲಿ ಏನೇನಿದೆಯೆಂದು ಸಾವಿರ ಜನಕ್ಕೆ ಗಟ್ಟಿಯಾಗಿ ಕಲಿಸಿದವಳಿಗೆ ಹೆಣ್ಣಿನ ಮೈಯ ಒಂದು ಭಾಗದ ಹೆಸರನ್ನು ಅಣ್ಣನೆದುರು ಹೇಳಲು ಬಾಯಿ ಕಟ್ಟಿತು. ಎರಡು ಸಲ ಶುರು ಮಾಡಿ ನಿಲ್ಲಿಸಿದಳು. ಮೂರನೇ ಸಲ ನೀರಿನ ತೊಟ್ಟಿಯನ್ನು ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಚರ್ಮ, ಬಿಳುಪು, ಬಿರುಕು, ಮುಲಾಮು, ಡಾಕ್ಟರಮ್ಮ ಹೇಳಿದ ಹೆಸರು, ಬಾಡಿಗೆದಾರ.

ಅಣ್ಣ ತೊಟ್ಟಿಯ ಅಂಚಿಗೆ ಕೈಯೂರಿದ. ಆಮೇಲೆ ಕೇಳಿದ: "ಇಷ್ಟೇನಾ?"

"ಇಷ್ಟೇನಾ? ಇಪ್ಪತ್ತು ವರ್ಷ ಕೂರೋಕಾಗದೆ ಇದ್ದವರಿಗೆ ಇಷ್ಟೇನಾ ಅಂತೀಯಲ್ಲೋ!"

"ಅದಲ್ಲ ಕಣೇ... ಹೇಳಿದ್ರೆ ನಾನೇನು ಮಾಡ್ತಿದ್ದೆ? ಬೈತಿದ್ನಾ? ನಾನೇ ಮುಲಾಮು ತಂದ್ಕೊಡ್ತಿದ್ದೆ." ಪುಟ್ಟಿಯ ಕಡೆ ತಿರುಗಿದ. "ಅವಳು ಹೇಳಲಿಲ್ಲ, ಸರಿ. ನೀನಾದ್ರೂ?"

"ಮಾತು ತಗೊಂಡಿದ್ರು."

"ಅವಳಿಗೆ ಕೊಟ್ಟೆ ಮಾತು. ನಾನು ನಿನಗೆ ಯಾರು?"

ಅವನು ಒಂದು ಸಲವಾದರೂ ಅತ್ತಿಗೆಯನ್ನು ಬಾಯಿಬಿಟ್ಟು ಕೇಳಿದ್ದನೇ, ಏನಾಗಿದೆ ನಿನಗೆ ಅಂತ? ಹಾಗೆ ತಿರುಗಿ ಕೇಳಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಒಳಗೆ ಹೋಗಿದ್ದ.

ಅಂಗಳದಲ್ಲಿ ಗಾಡಿಯ ಹಾರ್ನು ಕೇಳಿತು. "ಅಪ್ಪ ಎಲ್ಲಿ? ಅಪ್ಪನನ್ನ ಕರೀರಿ," ಎಂದು ಮಗಳು ಕೂಗುತ್ತಿದ್ದಳು. ಪುಟ್ಟಿ ಹುಡುಕಿಕೊಂಡು ಹೋದಳು. ಅತ್ತಿಗೆ ಮಲಗುತ್ತಿದ್ದ ಚಿಕ್ಕ ಕೋಣೆಯಲ್ಲಿ ಅಣ್ಣ ನಿಂತಿದ್ದ. ಕೈಯಲ್ಲಿ ಒಂದು ಸ್ಪಂಜಿನ ದಿಂಬು. ಕೂರುವುದಕ್ಕೆಂದು ಅತ್ತಿಗೆಯೇ ಕತ್ತರಿಸಿಕೊಂಡದ್ದು. ನಟ್ಟನಡುವೆ ಮೊಟ್ಟೆಯಾಕಾರದ ತೂತು, ಅಂಚಿಗೆ ಸುತ್ತ ಮೆತ್ತನೆಯ ಹತ್ತಿ ಬಟ್ಟೆಯ ಪಟ್ಟಿ, ಎಲ್ಲೂ ಒಂದೆಳೆ ಸೊಟ್ಟಗಿಲ್ಲದ ಹೊಲಿಗೆ.

"ಕಾರ್ಖಾನೆ ಕಸ ಮನೆಗ್ಯಾಕೆ ತರ್ತೀಯ ಅಂತ ಬೈದಿದ್ದೆ," ಎಂದ ಅಣ್ಣ, ತಲೆಯೆತ್ತದೆ. "ಎರಡು ಸಲ ತಿಪ್ಪೆಗೆ ಎಸೆದೆ. ಎರಡು ಸಲವೂ ತೊಳೆದು ಒಣಗಿಸಿ ತಂದಿಟ್ಕೊಂಡ್ಲು. ಒಂದು ಮಾತೂ ಆಡಲಿಲ್ಲ."

ಹೊರಗೆ ಮತ್ತೆ ಹಾರ್ನು. ಅಣ್ಣ ಕದಲಲಿಲ್ಲ. ಅವನ ಬೆರಳು ಆ ತೂತಿನ ಅಂಚಿನ ಹೊಲಿಗೆಯ ಮೇಲೆ, ಒಂದೊಂದೇ ಹೊಲಿಗೆಯನ್ನು ಮುಟ್ಟುತ್ತ, ನಿಧಾನಕ್ಕೆ ಸುತ್ತು ಬರುತ್ತಿತ್ತು.