ಪ್ರಸಾದ ಸಿಗದ ಜೋಗುಳ

ಒಂದಾನೊಂದು ಕಾಲದಲ್ಲಿ, ಎಂದರೆ ಕಳೆದ ತಿಂಗಳು, ತಮಿಳು ಸೀಮೆಯ ವೇಲಚೇರಿಯ ನಾಲ್ಕನೇ ಮಹಡಿಯ ಮನೆಯಲ್ಲಿ ಒಂದು ಗಿಟಾರ್ ಇತ್ತು. ಅದರ ಹೊಟ್ಟೆಯೊಳಗೆ ಒಂದು ಹಠಮಾರಿ ಹಾಡಿತ್ತು. ಆ ಹಾಡನ್ನು ಓಡಿಸಲು ಹೊರಟ ರಾಜಕುಮಾರಿಯ ಹೆಸರು ಹರ್ಷಿಣಿ. ಅವಳಪ್ಪನಿಗೆ ರಾಜ್ಯ ಇರಲಿಲ್ಲ, ಉಡುಪಿ ಹೋಟೆಲೊಂದಿತ್ತು.

ಅಕ್ಕ ಪ್ರಣಮ್ಯಾಳಿಗೆ ಅವಳು ಮಾತು ಕೊಟ್ಟಿದ್ದಳು: ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಯಾರೂ ಕೇಳಿರದ ಜೋಗುಳ ನುಡಿಸುತ್ತೇನೆ. ಅಕ್ಕನ ಫ್ರಾಕು, ಅಕ್ಕನ ಸೈಕಲ್ಲು, ಅಕ್ಕ ಗೀಚಿಟ್ಟ ಪಠ್ಯಪುಸ್ತಕಗಳಲ್ಲೇ ಬೆಳೆದವಳು ಅವಳು. ಈ ಕೂಸಿಗಾದರೂ ಒಂದು ಹೊಚ್ಚ ಹೊಸದು ಸಿಗಲಿ ಎಂಬ ಆಸೆ.

ಗಿಟಾರಿನಲ್ಲಿ ಜಿ ಕಾರ್ಡ್ ಹಿಡಿದಳು, ಸಿಗೆ ಹೋದಳು, ಡಿ ಮುಟ್ಟಿದಳು. ಅಲ್ಲಿಂದ ಬೆರಳುಗಳು ಸಂಜೆ ಕೊಟ್ಟಿಗೆಗೆ ಮರಳುವ ದನಗಳಂತೆ ತಾವಾಗಿಯೇ ಜಿಗೆ ಬಂದು ನಿಂತವು. ಸರಸಜ್ಜಿ ದಿನವೂ ದೇವರ ಮುಂದೆ ಹಾಡುವ ಆರತಿ ಹಾಡಿನ ಕೊನೆಯ ಸಾಲು! ಆ ಮನೆಯಲ್ಲಿ ಆರತಿ ಹಾಡು ಮುಗಿಯಿತೆಂದರೆ ಪ್ರಸಾದ. ರೂಪೇಶ್ ಚಿಕ್ಕಪ್ಪ ಕೈ ತೊಳೆದು, ಅಂಗೈ ಗುಳಿ ಮಾಡಿಕೊಂಡು ಬಂದು ನಿಂತ.

"ಪ್ರಸಾದ ಎಲ್ಲುಂಟು ಮಾರಾಯ್ತಿ?"

"ಇದು ಜೋಗುಳ, ಚಿಕ್ಕಪ್ಪ!"

"ಜೋಗುಳವಾ? ನಂಗೆ ಪಂಚಕಜ್ಜಾಯದ ಪರಿಮಳವೇ ಬಂತಲ್ಲ."

ಹಿಂದೆಯೇ ಬಂದ ತಮ್ಮ ಚರಣ್ ತಮಿಳಿನಲ್ಲಿ ರಾಗ ಎಳೆದ: "ಸುಂಡಲ್ ಕೂಡ ಕಿಡಯಾದಾ ಅಕ್ಕಾ?" ಕಡಲೆ ಉಸಲಿಯೂ ಇಲ್ಲವಾ ಎಂದು.

ಮರುದಿನ ಎಯಿಂದ ಹೊರಟಳು. ಊರೆಲ್ಲ ಸುತ್ತಿ ಮತ್ತೆ ಆರತಿಗೇ ಬಂದಳು. ಮೂರನೆಯ ದಿನ ವೇಗ ಹೆಚ್ಚಿಸಿದಳು. ಚಿಕ್ಕಪ್ಪ ಅಷ್ಟೇ ವೇಗವಾಗಿ ಬಂದ.

ತೊಟ್ಟಿಲ ಶಾಸ್ತ್ರಕ್ಕೆ ಒಂದೇ ದಿನ ಉಳಿದಾಗ ಹರ್ಷಿಣಿ ಅಜ್ಜಿಯ ಪಕ್ಕ ಕುಸಿದು ಕೂತಳು. "ನಿಮ್ಮ ಹಾಡು ನನ್ನನ್ನು ಬಿಡ್ತಾ ಇಲ್ಲ ಅಜ್ಜಿ."

ಅಜ್ಜಿ ಬೀನ್ಸಿನ ನಾರು ತೆಗೆಯುತ್ತಲೇ ಕೇಳಿದರು. "ನೀನು ಸಣ್ಣವಳಿದ್ದಾಗ ಹೇಳ್ತಿದ್ದೆನಲ್ಲ, ಕಾಡಿನಲ್ಲಿ ಹುಲಿ ಜೊತೆಗೆ ಬಂದ ಕಥೆ, ಅದರ ಹುಡುಗಿ ಎಂತ ಮಾಡಿದ್ದು?"

"ಓಡ್ಲಿಲ್ಲ. ಮಾತಾಡ್ತಾ ಜೊತೆಗೇ ನಡೆದಳು."

"ಗವಿ ಬಂದಾಗ?"

"ಹುಲಿ ಒಳಗೆ ಹೋಯ್ತು. ಅವಳು ಬೇರೆ ದಾರಿ ಹಿಡಿದಳು."

"ಮತ್ತೆಂತ! ನೀನು ಮಾತ್ರ ದಿನಾ ಗವಿಯೊಳಗೇ ಹೋಗಿ ಕೂತ್ಕೊಳ್ಳೂದು ಯಾಕೆ?"

ಮರುದಿನ ತೊಟ್ಟಿಲಲ್ಲಿ ಕೂಸು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಹರ್ಷಿಣಿ ಜಿಯಿಂದಲೇ ಹೊರಟಳು. ಸಿ ಬಂತು. ಡಿ ಬಂದಾಗ ಚಿಕ್ಕಪ್ಪನ ಅಂಗೈ ಮೇಲೆದ್ದಿತು, ಚರಣನದೂ. ಅವಳ ಬೆರಳುಗಳಿಗೂ ಹಳೆಯ ಬಾಗಿಲು ಕಾಣಿಸಿತು. ಒಂದು ಕ್ಷಣ ಡಿಯಲ್ಲೇ ನಿಂತಳು. ಆಮೇಲೆ ಮೆಲ್ಲನೆ ಇ ಮೈನರಿನ ಕಡೆಗೆ ತಿರುಗಿದಳು.

ಚಾಚಿದ ಕೈಗಳು ಗಾಳಿಯಲ್ಲೇ ನಿಂತವು.

"ಇದೆಲ್ಲಿಗೆ ಹೋಯ್ತು?" ಚಿಕ್ಕಪ್ಪ ಪಿಸುಗುಟ್ಟಿದ.

ಅವಳಿಗೂ ಗೊತ್ತಿರಲಿಲ್ಲ. ಅಲ್ಲಿಂದ ಎ ಮೈನರ್, ಮತ್ತೆ ಸಿ, ಮುಂದಿನದಕ್ಕೆ ಬೆರಳುಗಳು ಹೊಸ ಬೀದಿಯಲ್ಲಿ ಮನೆ ನಂಬರು ಹುಡುಕುವವರಂತೆ ಒಂದೊಂದೇ ತಂತಿ ತಡವಿದವು. ಯಾರ ಬಾಯಲ್ಲೂ ಮುಂದಿನ ಸಾಲು ಬರಲಿಲ್ಲ. ಅಜ್ಜಿ ತಮ್ಮದೇ ಚಾಚಿದ ಅಂಗೈ ನೋಡಿಕೊಂಡು, ನಾಚಿ, ಸೆರಗಿನೊಳಗೆ ಸೇರಿಸಿಕೊಂಡರು. ಚಿಕ್ಕಪ್ಪನ ಖಾಲಿ ಕೈ ಏನು ಮಾಡಬೇಕೆಂದು ತಿಳಿಯದೆ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿತು.

ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಆಕಳಿಕೆಯಾಯಿತು. ಕೂಸು ತನ್ನದೇ ಜೋಗುಳದಲ್ಲಿ ನಿದ್ದೆಹೋಯಿತು.