ಫೋನಿನಲ್ಲಿ ನನ್ನ ದನಿ

ಮೊದಲೇ ಹೇಳಿಬಿಡುತ್ತೇನೆ, ನಾನು ಧಾರವಾಡಕ್ಕೆ ಹೋಗಿಲ್ಲ. ನಮ್ಮ ಕಡೆ ಒಬ್ಬನ ತಲೆ ಕೆಟ್ಟಿದೆ ಎನ್ನಲು ‘ಧಾರವಾಡಕ್ಕ ಹೋಗಿ ಬಂದಾನ’ ಎಂದರೆ ಸಾಕು, ಯಾವ ದವಾಖಾನೆ ಎಂದು ಯಾರೂ ಕೇಳುವುದಿಲ್ಲ. ನಾನು ಹೋಗಿದ್ದು ಕೊಪ್ಪಳಕ್ಕೆ. ನಿದ್ದೆ ಬರುತ್ತಿರಲಿಲ್ಲ, ಉಣ್ಣಲು ಕುಳಿತರೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟು ಹದಿನೈದು ದಿನದ ರಜೆಗೆ ಚೀಟಿ ಬರೆದರು. ಆ ಚೀಟಿಯನ್ನು ಕ್ಲಾರ್ಕ್ ಕಳಕಪ್ಪ ಆಫೀಸಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದ. ಅವನ ಬಾಯಿಗೆ ಮಣ್ಣು ಬೀಳಲಿ.

ಇದು ೨೦೧೧ರ ಮಾತು. ಯಲಬುರ್ಗಾ ತಾಲೂಕಿನ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ನಾನು, ಗಾಳೇಶ, ಆಪರೇಟರ್. ಲೈನ್‌ಮನ್ ಕಂಬ ಹತ್ತುವ ಮೊದಲು ನನಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೇಳುತ್ತಾನೆ. ನಾನು ಆ ಲೈನಿನ ಕರೆಂಟು ತೆಗೆದು, ರಿಜಿಸ್ಟರಿನಲ್ಲಿ ಬರೆದು, ‘ಎಲ್‌ಸಿ ಕೊಟ್ಟೀನಿ, ಹತ್ತು’ ಎನ್ನುತ್ತೇನೆ. ಕೆಲಸ ಮುಗಿಸಿ ಇಳಿದ ಮೇಲೆ ಅವನು ಮತ್ತೆ ಫೋನ್ ಮಾಡಿ ಎಲ್‌ಸಿ ವಾಪಸ್ ಕೊಡುತ್ತಾನೆ. ಆಮೇಲೆಯೇ ಕರೆಂಟು. ನಾಲ್ಕು ಕಿಲೋಮೀಟರು ದೂರದಲ್ಲಿ ತಂತಿ ಹಿಡಿದವನ ಜೀವ ನಿಂತಿರುವುದು ನನ್ನ ಮಾತಿನ ಮೇಲೆ.

ರಜೆ ಮುಗಿಸಿ ಬಂದಾಗ ಗುಳಿಗೆಯಿಂದ ನನ್ನ ನಾಲಿಗೆ ದಪ್ಪವಾಗಿತ್ತು. ತಲೆ ತಿಳಿಯಾಗಿತ್ತು, ಮಾತು ಮಾತ್ರ ಕುಡಿದವನ ಮಾತಿನಂತೆ ತೊದಲುತ್ತಿತ್ತು. ಫೋನಿನಲ್ಲಿ ತಲೆ ಯಾರಿಗೆ ಕಾಣುತ್ತದೆ?

“ಗಾಳೇಶಣ್ಣ, ಮತ್ತೊಮ್ಮಿ ಹೇಳ್ರಿ. ತಗದೀರೇನು?” ಲೈನ್‌ಮನ್ ಮಲ್ಲೇಶ ಕೇಳುತ್ತಿದ್ದ.

“ತಗದೀನಪ್ಪಾ.”

“ಮುದಿಯಪ್ಪಜ್ಜಗ ಫೋನ್ ಕೊಡ್ರಿ.”

ಮುದಿಯಪ್ಪ ನಮ್ಮ ವಾಚ್‌ಮನ್. ಯಾವ ಸ್ವಿಚ್ಚು ಯಾವ ಊರಿನದು ಎಂದು ಅವನಿಗೆ ಗೊತ್ತಿಲ್ಲ. ಆದರೂ ಅವನು ಫೋನ್ ಹಿಡಿದು “ಹೂಂ ತಮ್ಮಾ, ತಗದಾರ, ಹತ್ತು” ಎಂದರೆ ಹತ್ತುತ್ತಿದ್ದರು. ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕುಳಿತ ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು.

ಆಮೇಲೆ ಲೈನ್‌ಮನ್‌ಗಳ ದೂರು ಹೋಗಿ, ನಮ್ಮ ಸೆಕ್ಷನ್ ಆಫೀಸರ್ ಸಾಹೇಬರು ಕರೆದರು. “ನಿಮಗ ಯಾರೂ ಏನೂ ಅಂದಿಲ್ಲ ಗಾಳೇಶ. ಸ್ವಲ್ಪ ಆರಾಮ ಇರ್ರಿ ಅಂತ. ಗಂಗಾವತಿ ಸ್ಟೋರಿಗೆ ಹಾಕಸ್ತೀನಿ, ಹಳೇ ಮೀಟರ್ ನೋಡಿಕೊಂಡು ಕುಂದರ್ರಿ.” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಮೆತ್ತಗೆ ಮಾತಾಡಿದರೆ ಏನು ಮಾಡುವುದು? ಒಂದು ತಿಂಗಳು ನೋಡಿ ಎಂದು ಕೈಮುಗಿದೆ. ಇನ್ನೊಂದು ದೂರು ಬಂದರೆ ಸ್ಟೋರ್ ಎಂದರು.

ನಾನು ಗುಳಿಗೆ ಬಿಟ್ಟೆ. ಹೆಂಡತಿ ಗೀತಾ ಕೈಯಲ್ಲಿಟ್ಟದ್ದನ್ನು ಬಾಯಲ್ಲಿ ಹಾಕಿಕೊಂಡು ಬಚ್ಚಲಿಗೆ ಉಗುಳುತ್ತಿದ್ದೆ. ನಾಲ್ಕೈದು ದಿನದಲ್ಲಿ ನಾಲಿಗೆ ಹಗುರಾಯಿತು.

“ಅಣ್ಣಾ, ಈಗ ಛಲೋ ಆಗೀರಿ ನೋಡ್ರಿ. ದನಿ ಖಡಕ್ ಆಗೈತಿ” ಎಂದ ಮಲ್ಲೇಶ.

ಮುದಿಯಪ್ಪನನ್ನು ಕೇಳುವುದು ನಿಂತಿತು. ಕಂಬ ಹತ್ತಿದವನು ತಂತಿಗೆ ಅರ್ಥಿಂಗ್ ಸರಪಳಿ ಹಾಕಿಕೊಂಡರೆ, ತಪ್ಪಿ ಬಂದ ಕರೆಂಟು ನೆಲಕ್ಕಿಳಿದು ಜೀವ ಉಳಿಯುತ್ತದೆ. ನಾನು ತೊದಲುತ್ತಿದ್ದಾಗ ಎಲ್ಲರೂ ತಪ್ಪದೆ ಹಾಕುತ್ತಿದ್ದರು. ಈಗ ಅದನ್ನೂ ಬಿಟ್ಟರು. ನನಗೆ ಭಾರಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನಿದ್ದೆ ಹೋಗಿತ್ತು. ಒಂಬತ್ತನೆಯ ದಿನ ಡ್ಯೂಟಿಗೆ ಬಂದಾಗ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಅಂದು ಬೆಳಿಗ್ಗೆ ಬೇವೂರು ಲೈನಿಗೆ ಮಲ್ಲೇಶ ಎಲ್‌ಸಿ ತೆಗೆದುಕೊಂಡ, ಇನ್ನೊಂದು ಲೈನಿಗೆ ಇನ್ನೊಬ್ಬ ಲೈನ್‌ಮನ್ ವಿರುಪಣ್ಣ. ನಡುವೆ ಕರೆಂಟು ಕೇಳುವ ರೈತರ ಫೋನು ಒಂದರ ಹಿಂದೆ ಒಂದು. ಹನ್ನೆರಡಕ್ಕೆ ಸಾಹೇಬರ ಫೋನ್ ಬಂತು.

“ಬೇವೂರ ಲೈನ್ ಯಾಕ ಕೊಟ್ಟಿಲ್ರಿ? ರೈತರು ನನ್ನ ಜೀವಾ ತಿನ್ನಾಕತ್ತಾರ.”

ರಿಜಿಸ್ಟರ್ ನೋಡಿದೆ. ಮಲ್ಲೇಶನ ಹೆಸರಿನ ಮುಂದೆ ‘ವಾಪಸ್, ೧೧.೪೦’. ನನ್ನದೇ ಅಕ್ಷರ. ಬರೆದ ಮೇಲೂ ಕರೆಂಟು ಯಾಕೆ ಕೊಟ್ಟಿಲ್ಲವೋ ನನಗೇ ತಿಳಿಯಲಿಲ್ಲ.

“ವಾಪಸ್ ಬಂದೈತ್ರಿ.”

“ಮತ್ತ ಕೊಡ್ರಿ.”

ಫೋನಿಟ್ಟು ಸ್ವಿಚ್ಚಿಗೆ ಕೈ ಹಾಕಿದವನು ತಡೆದೆ. ಮಲ್ಲೇಶ ಫೋನ್ ಮಾಡಿದ್ದು ನನಗೆ ನೆನಪೇ ಆಗಲಿಲ್ಲ. ಎಷ್ಟು ತಿಣುಕಿದರೂ ಆಗಲಿಲ್ಲ. ಅವನ ಮೊಬೈಲಿಗೆ ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ.

“ಮುದಿಯಪ್ಪಜ್ಜ, ಮಲ್ಲೇಶನ ಫೋನ್ ಬಂದಿತ್ತೇನು?”

“ಮುಂಜಾನಿಂದ ಹತ್ತ ಸಲ ಬಂದೈತ್ರಿ ಫೋನು. ಯಾರದಂತ ನನಗೇನ್ ಗೊತ್ತು?”

ಸಾಹೇಬರು ಮತ್ತೆ ಹಚ್ಚಿದರು. ಸ್ವಿಚ್ಚು ಕೆಟ್ಟಿದೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಪಾಳಿ ಮುಗಿದು ಬೇರೆ ಆಪರೇಟರ್ ಬರುತ್ತಿದ್ದ, ರಿಜಿಸ್ಟರ್ ನೋಡಿ ಕರೆಂಟು ಕೊಡುತ್ತಿದ್ದ.

“ಸಾಹೇಬ್ರ, ಬರದಾಂವ ನಾನ. ಆದ್ರ ನಾ ಬರದದ್ದರ ಮ್ಯಾಲ ನನಗ ನಂಬಿಕಿ ಇಲ್ರಿ. ಗುಳಿಗಿ ಬಿಟ್ಟು ಒಂಬತ್ತ ದಿನ ಆತು. ನಿದ್ದಿ ಇಲ್ಲ. ತಲಿ ನನ್ನ ಕೈಯಾಗ ಇಲ್ರಿ. ಯಾರನ್ನರ ಕಳಿಸಿ ಕಂಬ ನೋಡ್ರಿ, ನಿಮ್ಮ ಕಾಲ ಬೀಳ್ತೀನಿ.”

ಇಷ್ಟು ಹೇಳುವಾಗಲೂ ನನ್ನ ದನಿ ಖಡಕ್ಕಾಗಿಯೇ ಇತ್ತು.

ವಿರುಪಣ್ಣ ಬೈಕ್ ತೆಗೆದುಕೊಂಡು ಹೋದ. ಮಲ್ಲೇಶ ಕಂಬದ ಮೇಲಿದ್ದ, ಎರಡೂ ಕೈ ತಂತಿಯ ಮೇಲೆ. ಸರಪಳಿ ಹಾಕಿರಲಿಲ್ಲ. ಮೊಬೈಲು ಕೆಳಗೆ, ಬೈಕಿಗೆ ತೂಗುಹಾಕಿದ ಅಂಗಿಯ ಕಿಸೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಹನ್ನೊಂದು ನಲವತ್ತಕ್ಕೆ ವಾಪಸ್ ಕೊಟ್ಟಿದ್ದವನು ವಿರುಪಣ್ಣ. ಅದನ್ನು ನಾನು ಮಲ್ಲೇಶನ ಸಾಲಿನಲ್ಲಿ ಬರೆದಿದ್ದೆ.

ಮರುದಿನ ಆಫೀಸಿನಲ್ಲಿ ಹೇಳಿಕೆ ಬರೆದುಕೊಡಲು ಹೇಳಿದರು. ಎರಡು ಪುಟ ಬರೆದೆ. ಕಳಕಪ್ಪ ಚೀಟಿ ಓದಿದ್ದು, ವಾಚ್‌ಮನ್ ಕೈಗೆ ಫೋನ್ ಕೊಡಿಸಿದ್ದು, ಗುಳಿಗೆ ಯಾಕೆ ಬಿಟ್ಟೆ ಎನ್ನುವುದು, ಎಲ್ಲ. ಸಾಹೇಬರು ಓದಿ ಮಡಚಿಟ್ಟರು.

“ಇಷ್ಟೆಲ್ಲಾ ಯಾಕ್ರಿ? ‘ನನಗೆ ಮಾನಸಿಕ ತೊಂದರೆ ಇರುವುದನ್ನು ನಾನೇ ಒಪ್ಪಿಕೊಂಡಿದ್ದೇನೆ’ ಅಂತ ಒಂದ ಸಾಲು ಬರೀರಿ, ಸ್ಟೋರಿಗೆ ಹಾಕಾಕ ಅಷ್ಟ ಸಾಕು.”

ಬರೆದೆ. ಕೆಳಗೆ ಸಾಕ್ಷಿ ಎಂದು ಮಲ್ಲೇಶ ಸೈ ಮಾಡಿದ. ಹೊರಗೆ ಬಂದು ಅವನನ್ನು ತಡೆದು ನಿಲ್ಲಿಸಿದೆ.

“ನಿನ್ನಿ ನಾ ಬಾಯಿ ಬಿಡದಿದ್ರ ನೀ ಇರ್ತಿದ್ದೇನೋ?”

“ಇರ್ತಿದ್ದಿಲ್ಲಣ್ಣ.” ಅವನ ಕಣ್ಣು ತುಂಬಿದವು. ನನ್ನ ಎರಡೂ ಕೈ ಹಿಡಿದುಕೊಂಡ.

“ಮತ್ತ ಸೈ ಯಾಕ ಮಾಡಿದಿ?”

“ನಾಳೆ ಮತ್ತ ಕಂಬ ಹತ್ತಬೇಕಲ್ಲಣ್ಣ ನಾನು. ಮನ್ಯಾಗ ಸಣ್ಣ ಸಣ್ಣ ಕೂಸು ಅದಾವ.”

ಬೈಯಲೆಂದೇ ಅವನನ್ನು ತಡೆದಿದ್ದೆ, ದಾರಿ ಬಿಟ್ಟೆ. ಅವನ ಜಾಗದಲ್ಲಿದ್ದರೆ ನಾನೂ ಗಾಳೇಶನ ಮಾತು ನಂಬಿ ಕಂಬ ಹತ್ತುತ್ತಿರಲಿಲ್ಲ.