ಅಂಗಾಲು ತೋರಿಸದ ಅಂಗಡಿ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಆರು ವರ್ಷ ಭಾವನ ಅಂಗಡಿಯಲ್ಲಿ ಇದೇ ಬಾಯಿಗೆ ಬೀಗ ಹಾಕಿಕೊಂಡು ದುಡಿದೆ, ಅದು ಮಾತ್ರ ಯಾರಿಗೂ ನೆನಪಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಸಾಕುಪ್ರಾಣಿಗಳ ಅಂಗಡಿ ಅವರದು. ಮುಂದೆ ಮೀನು, ಗಿಳಿ. ಹಿಂದಿನ ಗೋಡೆಗೆ ಎಂಟು ಪಂಜರ ಗಿನಿಪಿಗ್. ಪಂಜರಗಳ ತಳಕ್ಕೆ ಹಲಗೆ ಇರಲಿಲ್ಲ, ಬರೀ ತಂತಿಯ ಜಾಲರಿ. ಹಿಕ್ಕೆ ಕೆಳಗಿನ ತಟ್ಟೆಗೆ ಉದುರುತ್ತದೆ, ತಟ್ಟೆ ಎಳೆದು ತೊಳೆದರೆ ಮುಗಿಯಿತು. ಇದು ತಮ್ಮದೇ ತಲೆಯಿಂದ ಬಂದದ್ದು ಎಂದು ಭಾವ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ತೊಳೆಯುವವಳು ನಾನು. ನನಗೂ ಸುಲಭವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಗಿರಾಕಿಗೆ ಗಿನಿಪಿಗ್ ಕೊಡುವಾಗ ಟವೆಲಿನಲ್ಲಿ ಸುತ್ತಿಯೇ ಕೊಡಬೇಕು. ಮುಖ ಕಾಣಬೇಕು, ಕಾಲು ಕಾಣಬಾರದು. ಭಾವನಿಗೆ ಆ ಕಾಲುಗಳ ವಿಷಯ ಎಷ್ಟು ಗೊತ್ತಿತ್ತು ಎಂದರೆ, ಒಮ್ಮೆ ಹೊಸ ಮರಿಗಳ ಹಿಂಗಾಲಿನಲ್ಲಿ ಮೂರೇ ಬೆರಳು ಎಣಿಸಿ, ಎಲ್ಲಕ್ಕೂ ಒಂದೊಂದು ಬೆರಳು ಕಡಿಮೆ ಇದೆ ಎಂದು ಇಡೀ ಬುಟ್ಟಿಯನ್ನೇ ವಾಪಸ್ ಕಳಿಸಿದ್ದರು. ಗಿನಿಪಿಗ್‌ಗೆ ಮುಂದೆ ನಾಲ್ಕು, ಹಿಂದೆ ಇರುವುದೇ ಮೂರು. ಮರಿ ಸಾಕಿ ಕಳಿಸುವ ಆ ಮನುಷ್ಯ ಇವತ್ತಿಗೂ ಫೋನಿನಲ್ಲಿ ಮೊದಲು ನಕ್ಕು, ಆಮೇಲೆ ಮಾತಾಡುತ್ತಾನೆ.

ಉಗುರು ಕತ್ತರಿಸುವುದೂ ನನ್ನ ಪಾಲಿನ ಕೆಲಸ. ಹೋದ ತಿಂಗಳು ಕಂದು ಬಣ್ಣದ ಹೆಣ್ಣನ್ನು ಮಡಿಲಲ್ಲಿ ಅಂಗಾತ ಹಿಡಿದುಕೊಂಡೆ. ಅದನ್ನು ಡುಮ್ಮಿ ಎಂದು ಕರೆಯುತ್ತಿದ್ದೆ. ಹಿಂಗಾಲಿನ ಹಿಮ್ಮಡಿ ಕೆಂಪಗೆ ಊದಿತ್ತು, ನಡುವೆ ಕಪ್ಪು ಹಕ್ಕಳೆ. ಉಳಿದವನ್ನೂ ತಿರುಗಿಸಿ ನೋಡಿದೆ. ಒಂದರದ್ದೂ ಅಂಗಾಲು ನೆಟ್ಟಗಿರಲಿಲ್ಲ. ಇಷ್ಟು ವರ್ಷ ಉಗುರು ನೋಡಿದ್ದೆ, ಅಂಗಾಲು ನೋಡಿರಲಿಲ್ಲ. ನನ್ನ ಕಣ್ಣಿಗೆ ಏನು ಬಡಿದಿತ್ತೋ.

ಊಟದ ಬಿಡುವಿನಲ್ಲಿ ಡುಮ್ಮಿಯನ್ನು ಪಶುವೈದ್ಯೆಯ ಹತ್ತಿರ ಒಯ್ದೆ. ಅವರು ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಮತ್ತೆ ಜಾಲರಿಯ ಮೇಲೆ ಬಿಟ್ಟರೆ ಔಷಧಿ ದಂಡ, ಹುಣ್ಣು ಮೂಳೆಗೆ ಇಳಿದರೆ ಇದು ಬದುಕುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಭಾವನಿಗೆ ಹೇಳಿದೆ. ಚೆನ್ನಾಗಿ ತಿನ್ನುತ್ತಿದೆಯಲ್ಲ, ಕೆಡುವ ಮೊದಲು ಮಾರಿಬಿಡೋಣ ಎಂದರು. ಪಂಜರಕ್ಕೆ ಬಟ್ಟೆ ಹಾಸಿದೆ. ವಾಸನೆ ಬರುತ್ತದೆ ಎಂದು ಎಳೆದು ಬಿಸಾಕಿದರು. ಗಂಡನಿಗೆ ಹೇಳಿದೆ. ಅಣ್ಣನಿಗೆ ಎದುರಾಡಬೇಡ ಎಂದು ಅವರು ಟಿವಿ ಕಡೆ ತಿರುಗಿದರು.

ಮೊನ್ನೆ ಬೆಳಿಗ್ಗೆ ಒಬ್ಬರು ಪುಟ್ಟ ಮಗಳನ್ನು ಕರೆದುಕೊಂಡು ಬಂದರು. ಮಗುವಿಗೆ ಕಂದು ಬಣ್ಣವೇ ಬೇಕಂತೆ. ಭಾವ ಡುಮ್ಮಿಯ ಕಾಲಿನ ಕಟ್ಟು ಬಿಚ್ಚಿ, ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು, ಕೊಡು ಎಂದು ಕಣ್ಸನ್ನೆ ಮಾಡಿದರು. ನಾನು ಟವೆಲ್ ಬಿಚ್ಚಿದೆ. ಡುಮ್ಮಿಯನ್ನು ಕೌಂಟರಿನ ಮೇಲೆ ತಿರುಗಿಸಿ ಅಂಗಾಲು ತೋರಿಸಿದೆ. ಇದಕ್ಕೆ ಹುಣ್ಣಾಗಿದೆ, ಇಲ್ಲಿರುವ ಎಲ್ಲಕ್ಕೂ ಆಗುತ್ತಿದೆ ಎಂದೆ. ಮಗು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಿತು. ಅಪ್ಪ ಮಗಳು ಹೊರಟುಹೋದರು.

ಭಾವ ಕೆಂಡಾಮಂಡಲವಾದರು. ಉಂಡ ಮನೆಗೆ ಎರಡು ಬಗೆದೆ ಎಂದರು, ತಮ್ಮ ನಿನ್ನನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾನೆ ಎಂದರು. ಎಲ್ಲ ಕೇಳಿಸಿಕೊಂಡೆ. ಕೊನೆಗೆ, ತಂತಿಯಿಂದ ಯಾರ ಕಾಲಿಗೂ ಏನೂ ಆಗುವುದಿಲ್ಲ ಎಂದರು ನೋಡಿ, ಅದನ್ನು ಮಾತ್ರ ನುಂಗಿಕೊಳ್ಳಲು ಆಗಲಿಲ್ಲ.

ಮೂಲೆಯಲ್ಲಿ ಒಂದು ಹೆಚ್ಚಿನ ಜಾಲರಿ ಇತ್ತು. ತಂದು ಬಾಗಿಲ ಪಕ್ಕದಲ್ಲೇ ಹಾಸಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ.

“ಇಳಿ ಕೆಳಗೆ. ಜನ ನೋಡ್ತಾರೆ,” ಎಂದರು ಭಾವ.

“ನೋಡ್ಲಿ. ಅವು ಇಳಿದ ಮೇಲೆ ನಾನೂ ಇಳಿತೀನಿ.”

ಬಂದವರೆಲ್ಲ ಏನಮ್ಮ ಇದು ಎಂದು ಕೇಳಿದರು, ಎಲ್ಲರಿಗೂ ಹೇಳಿದೆ. ಮೀನಿನ ಕಾಳಿಗೆ ಬಂದ ಅಜ್ಜಿಯೊಬ್ಬರು ಒಳಗೆ ಹೋಗಿ ಪಂಜರಗಳನ್ನು ನೋಡಿ, ಕಾಳು ಕೊಳ್ಳದೆಯೇ ಹೋದರು. ಭಾವ ನನ್ನ ಗಂಡನಿಗೆ ಫೋನ್ ಮಾಡಿ ಕರೆಸಿದರು. ಅವರು ಬಂದು ಅಣ್ಣನ ಮುಖ ನೋಡಿದರು, ನನ್ನ ಕಾಲು ನೋಡಿದರು. ಮನೆಗೆ ನಡಿ ಎನ್ನಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಎರಡು ಗಂಟೆ ಕಳೆಯುವಷ್ಟರಲ್ಲಿ ಅಂಗಾಲು ಉರಿಯತೊಡಗಿತು. ಹಲ್ಲು ಕಚ್ಚಿ ನಿಂತೆ. ಅಳು ಬಂತು, ಅತ್ತುಬಿಟ್ಟೆ. ಬೇಕೆಂದಾಗ ಇಳಿಯುವ ಭಾಗ್ಯ ನನಗಿತ್ತು, ಡುಮ್ಮಿಗೆ ಅಂಗಡಿಗೆ ಬಂದಾಗಿನಿಂದ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಾವ ಇಕ್ಕಳ ಹಿಡಿದು ಎದ್ದರು. ಒಂದೊಂದೇ ಜಾಲರಿ ಕಿತ್ತರು. ನನ್ನ ಗಂಡ ಹಲಗೆ ಹಾಕಿ, ಮೇಲೆ ಒಣಹುಲ್ಲು ಹರಡುತ್ತ ಹೋದರು. ಏಳು ಪಂಜರ ಆಯಿತು. ಡುಮ್ಮಿಯ ಪಂಜರದ ಮುಂದೆ ಭಾವ ಇಕ್ಕಳ ಕೆಳಗಿಟ್ಟು ಬೆವರು ಒರೆಸಿಕೊಂಡರು.

“ಇದು ಹೇಗೂ ಉಳಿಯೋದಲ್ಲ. ಸಾಕು, ಇಳಿಯಮ್ಮ.”

“ಡುಮ್ಮಿಗೋಸ್ಕರಾನೇ ಭಾವ ನಾನು ನಿಂತಿರೋದು,” ಎಂದೆ.

ಅವರು ಇಕ್ಕಳವನ್ನು ಮತ್ತೆ ಕೈಗೆತ್ತಿಕೊಳ್ಳುವವರೆಗೂ ನಿಂತೇ ಇದ್ದೆ.